ಉಚಿತ ಕ್ಯಾಡ್, ಪ್ರಾಯೋಗಿಕ ಕ್ಯಾಡ್: ಆಯ್ಕೆಗೆ ಮುನ್ನ ಹೊರಬರುವ ದಾರಿ ನೋಡಿಕೊಳ್ಳಿ

ಹಣ ಕೊಡದೆ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ, ಯಂತ್ರಭಾಗಗಳನ್ನು ಬಿಡಿಸುವ ತಂತ್ರಾಂಶ, ಬಳಸಲು ಇಂದು ದಾರಿಗಳಿಗೇನೂ ಕೊರತೆಯಿಲ್ಲ. ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬಂತೆ ಒಂದೇ ವಾರದಲ್ಲಿ ಐದಾರು ತಂತ್ರಾಂಶಗಳನ್ನು ಇಳಿಸಿಕೊಂಡು, ಯಾವುದರಲ್ಲೂ ನೆಟ್ಟಗೆ ಒಂದು ಡ್ರಾಯಿಂಗ್ ಮುಗಿಸದೆ ಕೈಬಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಕಾಲಕ್ಕೆ ನಾನೂ ಆ ಸಾಲಿನಲ್ಲೇ ಇದ್ದೆ. ತೊಡಕಿನ ಬೇರು ಇರುವುದು ‘ಉಚಿತ’ ಎಂಬ ಪದದಲ್ಲಿ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಏರ್ಪಾಡುಗಳನ್ನು ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಫ್ರೀಕ್ಯಾಡ್, ಲಿಬ್ರೆಕ್ಯಾಡ್, ಓಪನ್‌ಎಸ್‌ಕ್ಯಾಡ್‌ಗಳಂಥ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳು ಒಂದು ಬಗೆ. ಫ್ಯೂಷನ್, ಆನ್‌ಶೇಪ್, ಸಾಲಿಡ್ ಎಡ್ಜ್‌ಗಳಂಥ ವಾಣಿಜ್ಯ ತಂತ್ರಾಂಶಗಳು ಹವ್ಯಾಸಿಗಳಿಗಾಗಿ ಬಿಟ್ಟಿರುವ ಆವೃತ್ತಿಗಳು ಇನ್ನೊಂದು. ವಿದ್ಯಾರ್ಥಿಗಳ ಪರವಾನಗಿ ಮೂರನೆಯದು. ಇಷ್ಟು ದಿನವೆಂದು ಗಡುವಿಟ್ಟುಕೊಂಡು ಬರುವ ಪ್ರಾಯೋಗಿಕ ಆವೃತ್ತಿ, ಅಂದರೆ ಟ್ರಯಲ್, ನಾಲ್ಕನೆಯದು.

ಈ ನಾಲ್ಕನ್ನೂ ಸೌಲಭ್ಯಗಳ ಪಟ್ಟಿ ಹಿಡಿದು ಹೋಲಿಸುವುದು ವಾಡಿಕೆ. ಯಾವುದರಲ್ಲಿ ರೆಂಡರಿಂಗ್ ಇದೆ, ಯಾವುದರಲ್ಲಿ ಶೀಟ್ ಮೆಟಲ್ ಇದೆ, ಯಾವುದರ ಮೆನು ಚೆನ್ನಾಗಿದೆ ಎಂಬ ಪ್ರಶ್ನೆಗಳು ಮುಖ್ಯವಾದರೂ ಎರಡನೆಯ ಸಾಲಿನವು ಎಂಬುದು ನನ್ನ ಅಭಿಪ್ರಾಯ. ನಾಳೆ ಪರವಾನಗಿ ಮುಗಿದರೆ, ಕಂಪನಿ ತನ್ನ ನಿಯಮ ಬದಲಿಸಿದರೆ, ಅಥವಾ ನಿಮಗೇ ಬೇರೆ ತಂತ್ರಾಂಶಕ್ಕೆ ಹೋಗಬೇಕೆನಿಸಿದರೆ, ನೀವು ಬಿಡಿಸಿದ್ದು ಯಾವ ರೂಪದಲ್ಲಿ ನಿಮ್ಮ ಕೈಗೆ ಬರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಕ್ಯಾಡ್‌ನಲ್ಲಿ ತಂತ್ರಾಂಶಕ್ಕಿಂತ ಫೈಲಿನ ಆಯುಸ್ಸು ದೊಡ್ಡದು. ಹತ್ತು ವರ್ಷದ ಹಿಂದಿನ ಯಂತ್ರಭಾಗದ ಡ್ರಾಯಿಂಗ್ ಇವತ್ತು ಮತ್ತೆ ಬೇಕಾಗುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು.

ಇದು ಬರಿಯ ಭಯದ ಮಾತಲ್ಲ ಎನ್ನುವುದಕ್ಕೆ ಡ್ರಾಫ್ಟ್‌ಸೈಟ್‌ನ ಉದಾಹರಣೆ ಸಾಕು. ದಸೋ ಸಿಸ್ಟಮ್ಸ್ ಸಂಸ್ಥೆಯ ಈ 2ಡಿ ತಂತ್ರಾಂಶ ಹಲವು ವರ್ಷ ಉಚಿತವಾಗಿ ಸಿಗುತ್ತಿತ್ತು. ಹಣ ಕೊಟ್ಟು ಬಳಸುವ ಆಟೋಕ್ಯಾಡ್‌ನ ಫೈಲ್ ರೂಪವಾದ ಡಿಡಬ್ಲ್ಯೂಜಿಯನ್ನು ನೇರವಾಗಿ ತೆರೆದು ಉಳಿಸುತ್ತಿದ್ದುದರಿಂದ ಆಟೋಕ್ಯಾಡ್‌ಗೆ ಬದಲಿಯೆಂದು ಅಪಾರ ಮಂದಿ ಅದನ್ನು ನೆಚ್ಚಿಕೊಂಡಿದ್ದರು. 2019ರ ಆವೃತ್ತಿಯಿಂದ ಉಚಿತ ಆವೃತ್ತಿಯನ್ನು ನಿಲ್ಲಿಸಲಾಯಿತು. ಅಷ್ಟೇ ಆಗಿದ್ದರೆ ಹಳೆಯದನ್ನೇ ಇಟ್ಟುಕೊಂಡು ದಿನ ದೂಡಬಹುದಿತ್ತು. ಆದರೆ 2019ರ ಡಿಸೆಂಬರ್ 31ರ ನಂತರ ಅದಾಗಲೇ ಕಂಪ್ಯೂಟರಿನಲ್ಲಿದ್ದ ಹಳೆಯ ಉಚಿತ ಆವೃತ್ತಿಗಳೂ ಕೆಲಸ ನಿಲ್ಲಿಸಿದವು. ಫೈಲುಗಳು ಡಿಡಬ್ಲ್ಯೂಜಿ ರೂಪದಲ್ಲಿದ್ದುದರಿಂದ ಬಳಕೆದಾರರು ಪೂರ್ತಿ ಮುಳುಗಲಿಲ್ಲ, ಬೇರೊಂದು ತಂತ್ರಾಂಶದಲ್ಲಿ ಅವನ್ನು ತೆರೆಯಲು ಸಾಧ್ಯವಾಯಿತು. ತನ್ನದೇ ಗುಟ್ಟಿನ ಫೈಲ್ ರೂಪವಿರುವ ತಂತ್ರಾಂಶ ಹೀಗೆ ಬಾಗಿಲು ಮುಚ್ಚಿದ್ದರೆ ಗತಿ ಏನಾಗುತ್ತಿತ್ತು ಎಂದು ಯೋಚಿಸಿ.

ಟ್ರಯಲ್ ಇರುವುದು ಕಲಿಯುವುದಕ್ಕಲ್ಲ

ಮೂವತ್ತು ದಿನವೋ ಹದಿನೈದು ದಿನವೋ ಸಿಗುವ ಪ್ರಾಯೋಗಿಕ ಆವೃತ್ತಿಯಲ್ಲಿ ಸಾಮಾನ್ಯವಾಗಿ ಎಲ್ಲ ಸೌಲಭ್ಯಗಳೂ ತೆರೆದಿರುತ್ತವೆ, ಆದ್ದರಿಂದಲೇ ಅದು ಆಸೆ ಹುಟ್ಟಿಸುತ್ತದೆ. ಒಮ್ಮೆ ನಾನು ಒಂದು 3ಡಿ ತಂತ್ರಾಂಶದ ಟ್ರಯಲ್ ಹಾಕಿಕೊಂಡ ದಿನವೇ ಒಬ್ಬರ ಕೆಲಸವನ್ನೂ ಅದರಲ್ಲೇ ಆರಂಭಿಸಿಬಿಟ್ಟೆ. ಕೆಲಸ ಕೊಟ್ಟವರು ಅಳತೆ ಬದಲಿಸುತ್ತಲೇ ಹೋದರು, ದಿನಗಳು ಉರುಳಿದವು. ಗಡುವು ಮುಗಿದ ಮರುದಿನ ಫೈಲ್ ತೆರೆಯಲು ಹೋದರೆ ಕಂಡದ್ದು ಖರೀದಿಯ ಪುಟ. ಒಂದು ರಂಧ್ರದ ವ್ಯಾಸ ಬದಲಿಸುವುದಷ್ಟೇ ಬಾಕಿಯಿತ್ತು. ಅದಕ್ಕಾಗಿ ಇಡೀ ಭಾಗವನ್ನು ಬೇರೆ ತಂತ್ರಾಂಶದಲ್ಲಿ ಮೊದಲಿನಿಂದ ಬಿಡಿಸಿದೆ. ತಪ್ಪು ಆ ತಂತ್ರಾಂಶದ್ದಾಗಿರಲಿಲ್ಲ, ಗಡುವನ್ನು ಅವರು ಮೊದಲೇ ಹೇಳಿದ್ದರು. ಪರೀಕ್ಷೆಗೆಂದು ಕೊಟ್ಟದ್ದನ್ನು ನಾನು ಸಂಪಾದನೆಗೆ ಹಚ್ಚಿದ್ದೆ.

ಟ್ರಯಲ್‌ನ ಉಪಯೋಗ ಒಂದೇ: ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಹಾಗಾಗಿ ತಂತ್ರಾಂಶವನ್ನು ಇಳಿಸಿಕೊಳ್ಳುವ ಮೊದಲೇ ನಿಮ್ಮ ಹಳೆಯ ಕೆಲಸದಿಂದ ಎರಡು ಮೂರು ಡ್ರಾಯಿಂಗ್‌ಗಳನ್ನು ಆರಿಸಿಟ್ಟುಕೊಳ್ಳಿ. ಅವುಗಳಲ್ಲಿ ಒಂದಾದರೂ ನಿಮ್ಮನ್ನು ಹಿಂದೆ ಕಾಡಿದ್ದಾಗಿರಲಿ. ಬಿಡುವಿರುವ ವಾರ ನೋಡಿಕೊಂಡು ಗಡಿಯಾರ ಶುರು ಮಾಡಿ, ಏಕೆಂದರೆ ಬಹುತೇಕ ಕಡೆ ದಿನಗಳು ಎಣಿಕೆಯಾಗುವುದು ನೀವು ಬಳಸಿದ್ದರಿಂದಲ್ಲ, ಕ್ಯಾಲೆಂಡರಿನಿಂದ. ಟ್ರಯಲ್‌ಗೆ ಕಾರ್ಡ್ ವಿವರ ಕೇಳಿದರೆ, ಗಡುವಿನ ಕೊನೆಗೆ ತಾನಾಗಿ ಹಣ ಕಡಿತವಾಗುತ್ತದೆಯೇ ಎಂಬ ಸಾಲನ್ನು ಓದದೆ ಮುಂದೆ ಹೋಗಬೇಡಿ.

ಎಲ್ಲ ಟ್ರಯಲ್‌ಗಳೂ ದಿನದ ಲೆಕ್ಕದವೇ ಎಂದು ಭಾವಿಸಬೇಕಾಗಿಲ್ಲ. ಕ್ಯೂಕ್ಯಾಡ್ ಪ್ರೊಫೆಷನಲ್ ಎಂಬ 2ಡಿ ತಂತ್ರಾಂಶದ ಪ್ರಾಯೋಗಿಕ ಆವೃತ್ತಿ ಒಂದು ಸಲಕ್ಕೆ 15 ನಿಮಿಷ ಓಡಿ ನಿಲ್ಲುತ್ತದೆ. ಮತ್ತೆ ಶುರು ಮಾಡಬಹುದು. ಕೇಳಲು ಕಿರಿಕಿರಿ ಎನಿಸಿದರೂ ಇದು ನನಗೆ ಪ್ರಾಮಾಣಿಕ ಪದ್ಧತಿಯಾಗಿ ಕಾಣುತ್ತದೆ, ಏಕೆಂದರೆ ಆರು ತಿಂಗಳ ನಂತರ ಬಂದ ಒಂದು ಫೈಲನ್ನು ತೆರೆದು ನೋಡಬೇಕಾದರೂ ಅದು ಸಾಕು. ವೃತ್ತಿಪರ ಭಾಗಗಳನ್ನು ತೆಗೆದುಹಾಕಿದರೆ ಅದೇ ತಂತ್ರಾಂಶ ಕಾಲಮಿತಿಯಿಲ್ಲದ ಉಚಿತ ಸಮುದಾಯ ಆವೃತ್ತಿಯಾಗಿ ಉಳಿಯುತ್ತದೆ.

2ಡಿ ಕೆಲಸಕ್ಕೆ

ನಿಮ್ಮ ಕೆಲಸ ಗೆರೆ, ವೃತ್ತ, ಡೈಮೆನ್ಷನ್, ಲೇಯರ್‌ಗಳಲ್ಲೇ ಮುಗಿಯುವುದಾದರೆ, ಅಂದರೆ ಮನೆಯ ನಕ್ಷೆ, ಲೇಸರ್ ಕತ್ತರಿಸುವಿಕೆಗೆ ಬೇಕಾದ ತಗಡಿನ ಆಕಾರ, ವಿದ್ಯುತ್ ವಿನ್ಯಾಸ ಇತ್ಯಾದಿಯಾದರೆ, ಮುಕ್ತ ತಂತ್ರಾಂಶವೇ ಸಾಕಾಗುವ ಸಂಭವ ಹೆಚ್ಚು. ಲಿಬ್ರೆಕ್ಯಾಡ್ ಹುಟ್ಟಿದ್ದು ಕ್ಯೂಕ್ಯಾಡ್‌ನ ಹಳೆಯ ಸಮುದಾಯ ಆವೃತ್ತಿಯಿಂದ ಕವಲೊಡೆದು. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ, ಹಳೆಯ ಕಂಪ್ಯೂಟರನ್ನೂ ಸುಸ್ತು ಮಾಡುವುದಿಲ್ಲ. ವಾಣಿಜ್ಯ ಕೆಲಸಕ್ಕೆ ಬಳಸಬಾರದೆಂಬ ಕಟ್ಟಳೆಯೂ ಇಲ್ಲ. ಇವೆರಡರ ಮಧ್ಯೆ ನನ್ನ ಒಲವು ಕ್ಯೂಕ್ಯಾಡ್ ಕಡೆಗೆ, ಅದರ ಮೆನುಗಳು ಹೆಚ್ಚು ಅಚ್ಚುಕಟ್ಟಾಗಿವೆ ಎಂಬುದಷ್ಟೇ ಕಾರಣ.

ಇವುಗಳ ನಿಜವಾದ ಇತಿಮಿತಿ ಇರುವುದು ಡಿಡಬ್ಲ್ಯೂಜಿ ಫೈಲಿನಲ್ಲಿ. ಕ್ಯೂಕ್ಯಾಡ್‌ನಲ್ಲಿ ಅದು ಹಣ ಕೊಟ್ಟವರ ಆವೃತ್ತಿಗೆ ಮೀಸಲು. ಲಿಬ್ರೆಕ್ಯಾಡ್ ಅದನ್ನು ಅರೆಬರೆಯಾಗಿ ಓದುತ್ತದೆ, ಉಳಿಸುವುದು ಡಿಎಕ್ಸ್‌ಎಫ್ ರೂಪದಲ್ಲಿ ಮಾತ್ರ. 1982ರ ಡಿಸೆಂಬರ್‌ನಲ್ಲಿ ಆಟೋಕ್ಯಾಡ್ ಬಂದಾಗಲೇ ಈ ಎರಡೂ ರೂಪಗಳು ಬಂದವು: ಡಿಡಬ್ಲ್ಯೂಜಿ ಕಂಪನಿಯ ಸ್ವಂತಕ್ಕೆ, ಡಿಎಕ್ಸ್‌ಎಫ್ ಹೊರಗಿನವರೊಡನೆ ವಿನಿಮಯಕ್ಕೆ. ಇಂದಿಗೂ ಆ ಹಂಚಿಕೆಯ ಸ್ವರೂಪ ಬದಲಾಗಿಲ್ಲ.

ಯಾರಾದರೂ ಕಳಿಸಿದ ಡಿಡಬ್ಲ್ಯೂಜಿ ಫೈಲ್ ನಿಮ್ಮ ಉಚಿತ ತಂತ್ರಾಂಶದಲ್ಲಿ ತೆರೆಯದಿದ್ದರೆ, ತಂತ್ರಾಂಶವನ್ನು ಬಯ್ಯುವ ಮುನ್ನ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಆರು ಅಕ್ಷರ ನೋಡಿ. ಉಳಿದದ್ದೆಲ್ಲ ಅರ್ಥವಾಗದ ಚಿಹ್ನೆಗಳ ರಾಶಿಯಾಗಿದ್ದರೂ ಆ ಆರು ಅಕ್ಷರಗಳು ಸ್ಪಷ್ಟವಾಗಿ ಓದಲು ಸಿಗುತ್ತವೆ: ಎಸಿ1032 ಎಂದಿದ್ದರೆ ಅದು 2018ರ ಫೈಲ್ ರೂಪ, ಎಸಿ1027 ಎಂದಿದ್ದರೆ 2013ರದು, ಎಸಿ1015 ಎಂದಿದ್ದರೆ 2000ದ್ದು. ಕಳಿಸಿದವರಿಗೆ ‘ಫೈಲ್ ಬರುತ್ತಿಲ್ಲ’ ಎನ್ನುವ ಬದಲು ‘2000ದ ರೂಪದಲ್ಲಿ ಉಳಿಸಿ ಕಳಿಸಿ, ಇಲ್ಲವೇ ಡಿಎಕ್ಸ್‌ಎಫ್ ಕೊಡಿ’ ಎಂದು ಕೇಳಿದರೆ ಕೆಲಸ ಅರ್ಧ ಮುಗಿದಂತೆ. ನಿಮ್ಮ ಬಳಿಗೆ ದಿನಾ ಡಿಡಬ್ಲ್ಯೂಜಿ ಫೈಲುಗಳೇ ಬಂದು ಹೋಗುತ್ತಿದ್ದರೆ ಮಾತ್ರ ಈ ಉಪಾಯ ಬಹಳ ದಿನ ಬಾಳುವುದಿಲ್ಲ. ಆಗ ಡಿಡಬ್ಲ್ಯೂಜಿಯನ್ನು ನೇರವಾಗಿ ಉಳಿಸಬಲ್ಲ ತಂತ್ರಾಂಶಕ್ಕೆ ಹಣ ಕೊಡುವುದೇ ಲೇಸು.

ಡಿಎಕ್ಸ್‌ಎಫ್‌ನಲ್ಲೂ ಒಂದು ಬಲೆ ಇದೆ. ಗೆರೆಯ ಉದ್ದ 100 ಎಂದು ಬರೆದಿರುತ್ತದೆಯೇ ಹೊರತು ನೂರು ಏನು ಎಂಬುದನ್ನು ಫೈಲಿನ ತಲೆಭಾಗದ ಒಂದು ಸಾಲು ಹೇಳಬೇಕು. ಅಲ್ಲಿ 4 ಎಂದಿದ್ದರೆ ಮಿಲಿಮೀಟರ್, 1 ಎಂದಿದ್ದರೆ ಇಂಚು. ಆ ಸಾಲನ್ನು ಬರೆಯದ ಅಥವಾ ಓದದ ತಂತ್ರಾಂಶದಿಂದಾಗಿ ಭಾಗವೊಂದು 25.4 ಪಟ್ಟು ಹಿಗ್ಗುವುದು ಅಥವಾ ಕುಗ್ಗುವುದು ತೀರಾ ಸಾಮಾನ್ಯ. ಹೊಸ ತಂತ್ರಾಂಶವನ್ನು ಪರೀಕ್ಷಿಸುವಾಗ ಒಂದು ಡಿಎಕ್ಸ್‌ಎಫ್ ಹೊರತೆಗೆದು, ಇನ್ನೊಂದರಲ್ಲಿ ತೆರೆದು, ಒಂದು ಗೆರೆಯನ್ನು ಅಳೆದು ನೋಡುವುದು ಎರಡು ನಿಮಿಷದ ಕೆಲಸ.

3ಡಿ ಕೆಲಸಕ್ಕೆ

3ಡಿಯಲ್ಲಿ ಆಯ್ಕೆ ಕಠಿಣವಾಗುತ್ತದೆ. ಇಲ್ಲಿ ಉಚಿತ ಆವೃತ್ತಿಗಳು ಶಕ್ತಿಯಲ್ಲಿ ಒಂದಕ್ಕೊಂದು ಹತ್ತಿರ, ಕರಾರಿನಲ್ಲಿ ಬಹಳ ದೂರ.

ಫ್ಯೂಷನ್‌ನ ವೈಯಕ್ತಿಕ ಬಳಕೆಯ ಆವೃತ್ತಿ ಕಲಿಯಲು ಸೊಗಸಾದ ಸಾಧನ. ಸ್ಕೆಚ್‌ನಿಂದ ಹಿಡಿದು ಕತ್ತರಿಸುವ ಯಂತ್ರದ ಉಪಕರಣ ಸಾಗಬೇಕಾದ ದಾರಿ, ಅಂದರೆ ಟೂಲ್‌ಪಾತ್‌ವರೆಗೆ ಒಂದೇ ಕಡೆ ಸಿಗುತ್ತದೆ. ಆದರೆ ಅದು ವಾಣಿಜ್ಯೇತರ ಬಳಕೆಗೆ ಮಾತ್ರ, ಅದರಿಂದ ವರ್ಷಕ್ಕೆ 1,000 ಅಮೆರಿಕನ್ ಡಾಲರ್‌ಗಿಂತ ಹೆಚ್ಚು ಆದಾಯ ಬರುವಂತಿಲ್ಲ. 2020ರಿಂದ ಈಚೆಗೆ ಒಂದು ಸಲಕ್ಕೆ 10 ಡಾಕ್ಯುಮೆಂಟ್‌ಗಳನ್ನು ಮಾತ್ರ ತಿದ್ದಬಹುದಾದ ಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದು. ಉಳಿದವು ಓದಲಷ್ಟೇ ಸಿಗುತ್ತವೆ, ಬೇಕಾದಾಗ ಒಂದನ್ನು ಮಲಗಿಸಿ ಇನ್ನೊಂದನ್ನು ಎಬ್ಬಿಸಬೇಕು. ಆ ವರ್ಷದ ಬದಲಾವಣೆಗಳಲ್ಲಿ, ಬೇರೆ ತಂತ್ರಾಂಶಗಳೂ ತೆರೆಯಬಲ್ಲ ಸ್ಟೆಪ್ ಎಂಬ ಫೈಲ್ ರೂಪದ ಎಕ್ಸ್‌ಪೋರ್ಟ್ ಅನ್ನೂ ಉಚಿತ ಬಳಕೆದಾರರಿಂದ ತೆಗೆಯುವುದಾಗಿ ಮೊದಲು ಪ್ರಕಟಿಸಲಾಗಿತ್ತು. ಬಳಕೆದಾರರ ಪ್ರತಿಭಟನೆಯ ನಂತರ ಅದನ್ನು ಉಳಿಸಿಕೊಳ್ಳಲಾಯಿತು. ಹೊರಬರುವ ದಾರಿಯ ಕೀಲಿ ಯಾರ ಕೈಯಲ್ಲಿದೆ ಎಂಬುದು ಆ ಕೆಲವು ವಾರಗಳಲ್ಲಿ ಎಲ್ಲರಿಗೂ ಮನದಟ್ಟಾಯಿತು.

ಆನ್‌ಶೇಪ್ ಇಡೀ ತಂತ್ರಾಂಶವನ್ನು ಬ್ರೌಸರ್‌ನಲ್ಲೇ ಓಡಿಸುತ್ತದೆ, ಹಾಗಾಗಿ ಯಾವ ಕಂಪ್ಯೂಟರಾದರೂ ಆದೀತು, ಇಂಟರ್‌ನೆಟ್ ಮಾತ್ರ ಬೇಕೇ ಬೇಕು. ಹಲವು ಭಾಗಗಳನ್ನು ಸೇರಿಸಿ ಅಸೆಂಬ್ಲಿ ಕಟ್ಟುವ ಅದರ ರೀತಿ ನನಗೆ ಎಲ್ಲಕ್ಕಿಂತ ಇಷ್ಟ. ಉಚಿತ ಯೋಜನೆಯಲ್ಲಿ ನೀವು ಬಿಡಿಸಿದ್ದೆಲ್ಲವೂ ಬಹಿರಂಗ: ಯಾರು ಬೇಕಾದರೂ ಅದನ್ನು ಹುಡುಕಿ ನೋಡಬಹುದು, ನಕಲು ಮಾಡಿಕೊಳ್ಳಬಹುದು. ಹವ್ಯಾಸಕ್ಕೆ ಆಟಿಕೆ ಮಾಡುವವರಿಗೆ ಇದು ತೊಂದರೆಯೇ ಅಲ್ಲ. ಬೇರೆಯವರ ಯಂತ್ರಭಾಗವನ್ನು ‘ಸುಮ್ಮನೆ ಒಮ್ಮೆ ಪ್ರಯತ್ನಿಸೋಣ’ ಎಂದು ಅಲ್ಲಿ ಬಿಡಿಸುವವರು ಮಾತ್ರ ತಮಗರಿಯದೆ ಇನ್ನೊಬ್ಬರ ಗುಟ್ಟನ್ನು ಬೀದಿಗಿಟ್ಟಂತೆ.

ಸೀಮೆನ್ಸ್‌ನ ಸಾಲಿಡ್ ಎಡ್ಜ್ ಸಮುದಾಯ ಆವೃತ್ತಿ ವಿಂಡೋಸ್‌ಗೆ ಮಾತ್ರ ಸಿಗುವ, ಆದರೆ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಗಟ್ಟಿ ತಂತ್ರಾಂಶ. ಅದರಲ್ಲಿ ಮಾಡಿದ ಫೈಲುಗಳು ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಡ್ರಾಯಿಂಗ್‌ಗಳ ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ. ‘ಈಗ ಉಚಿತದಲ್ಲಿ ಮಾಡಿಟ್ಟು, ಮುಂದೆ ಹಣ ಕೊಟ್ಟು ಮುಂದುವರಿಸೋಣ’ ಎಂದುಕೊಂಡವರು ಇದನ್ನು ಮೊದಲೇ ತಿಳಿದಿರಬೇಕು. ಸ್ಕೆಚ್‌ಅಪ್‌ನ ಉಚಿತ ರೂಪ ಈಗ ಬ್ರೌಸರ್‌ನಲ್ಲಷ್ಟೇ ಇದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾಗಿದ್ದ ಕೊನೆಯ ಉಚಿತ ಆವೃತ್ತಿ ಸ್ಕೆಚ್‌ಅಪ್ ಮೇಕ್ 2017. ಕೋಣೆ, ಪೀಠೋಪಕರಣಗಳ ಅಂದಾಜು ರೂಪಕ್ಕೆ ಅದು ಒಳ್ಳೆಯದು, ನಿಖರವಾದ ಯಂತ್ರಭಾಗಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಟಿಂಕರ್‌ಕ್ಯಾಡ್ ಮಕ್ಕಳಿಗೂ ಮೊದಲ 3ಡಿ ಪ್ರಿಂಟ್ ಮಾಡುವವರಿಗೂ ಸಾಕು. ಓಪನ್‌ಎಸ್‌ಕ್ಯಾಡ್‌ನಲ್ಲಿ ಮೌಸಿನಿಂದ ಬಿಡಿಸುವುದೇ ಇಲ್ಲ, ಆಕಾರವನ್ನು ಪ್ರೋಗ್ರಾಮಿನಂತೆ ಬರೆಯಬೇಕು; ಆ ಜಾಯಮಾನದವರಿಗೆ ಅದು ಬಲು ರುಚಿ, ಉಳಿದವರಿಗೆ ಶಿಕ್ಷೆ.

ಫ್ರೀಕ್ಯಾಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದರ ಮೇಲಿನ ಹಳೆಯ ದೂರುಗಳನ್ನೇ ಜನ ಇನ್ನೂ ಹೇಳುತ್ತಿದ್ದಾರೆ. 2002ರಲ್ಲಿ ಮೊದಲು ಹೊರಬಂದ ಈ ಮುಕ್ತ ತಂತ್ರಾಂಶ 1.0 ಎಂಬ ಅಂಕಿಯನ್ನು ಮುಟ್ಟಿದ್ದು 2024ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಅದನ್ನು ಕಾಡಿದ್ದು ಹೆಸರಿನ ಸಮಸ್ಯೆ. ತಂತ್ರಾಂಶ ಪ್ರತಿಯೊಂದು ಮುಖಕ್ಕೂ ಅಂಚಿಗೂ ಫೇಸ್6, ಎಡ್ಜ್12 ಎಂಬಂತೆ ಸರದಿಯ ಸಂಖ್ಯೆ ಕೊಡುತ್ತದೆ. ನೀವು ಆರನೆಯ ಮುಖದ ಮೇಲೆ ರಂಧ್ರ ಕೊರೆದು, ನಂತರ ಮೊದಲ ಸ್ಕೆಚ್‌ಗೆ ಹಿಂದಿರುಗಿ ಒಂದು ಗೆರೆ ಸೇರಿಸಿದರೆ, ಸಂಖ್ಯೆಗಳು ಅದಲುಬದಲಾಗಿ ರಂಧ್ರ ಬೇರೊಂದು ಮುಖಕ್ಕೆ ಹಾರುತ್ತಿತ್ತು, ಇಲ್ಲವೇ ಇಡೀ ಮಾದರಿ ಕೆಂಪು ಗುರುತು ತೋರಿಸಿ ಕುಸಿಯುತ್ತಿತ್ತು. 1.0ರಲ್ಲಿ ಈ ತೊಂದರೆ ಬಹುಮಟ್ಟಿಗೆ ತಗ್ಗಿದೆ, ಅಸೆಂಬ್ಲಿಗೆ ತನ್ನದೇ ವರ್ಕ್‌ಬೆಂಚ್, ಅಂದರೆ ಒಂದು ಬಗೆಯ ಕೆಲಸದ ಬಟನ್‌ಗಳ ಗುಂಪು, ಬಂದಿದೆ. ಕಲಿಯುವ ಹಾದಿ ಈಗಲೂ ಕಡಿದು. ಒಂದೇ ಕೆಲಸಕ್ಕೆ ಎರಡು ಮೂರು ವರ್ಕ್‌ಬೆಂಚ್‌ಗಳಲ್ಲಿ ಬಟನ್‌ಗಳಿರುವುದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಡಿಡಬ್ಲ್ಯೂಜಿ ತೆರೆಯಲು ಹೊರಗಿನ ಪರಿವರ್ತಕವೊಂದನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ಹಾಗಿದ್ದೂ ಹೊರಬರುವ ದಾರಿಯ ವಿಷಯದಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಫ್ರೀಕ್ಯಾಡ್ ಉಳಿಸುವ ಫೈಲ್ ನಿಜಕ್ಕೂ ಒಂದು ಜಿಪ್ ಕಟ್ಟು. ಫೈಲಿನ ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಕಡತ ಸಿಗುತ್ತದೆ, ನೀವು ಕೊಟ್ಟ ಅಳತೆಗಳನ್ನು ಅದರಲ್ಲಿ ಬರಿಗಣ್ಣಿನಿಂದ ಓದಬಹುದು. ಬೇರೆ ತಂತ್ರಾಂಶಗಳಿಂದ ಸ್ಟೆಪ್ ರೂಪದಲ್ಲಿ ಹೊರತೆಗೆದಾಗ ಆಕಾರ ಬರುತ್ತದೆ, ಆದರೆ ಅದನ್ನು ಕಟ್ಟಿದ ಹಂತಗಳ ಇತಿಹಾಸ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ. ಎಸ್‌ಟಿಎಲ್ ಎಂಬ ಫೈಲ್ ರೂಪದಲ್ಲಿ ನಿಜವಾದ ಆಕಾರವೂ ಉಳಿಯುವುದಿಲ್ಲ. ಎಲ್ಲವೂ ತ್ರಿಕೋನಗಳಾಗಿ ಒಡೆದು, ವೃತ್ತವಾಗಿದ್ದ ರಂಧ್ರ ಬಹುಭುಜವಾಗುತ್ತದೆ. 3ಡಿ ಪ್ರಿಂಟಿಗೆ ಅದು ಸಾಕು, ಮುಂದೆ ತಿದ್ದುವುದಕ್ಕೆ ನಿಷ್ಪ್ರಯೋಜಕ. ಎಸ್‌ಟಿಎಲ್ ಒಂದನ್ನೇ ಹೊರಕೊಡುವ ಉಚಿತ ಆವೃತ್ತಿಯನ್ನು ಯಾವ ಗಂಭೀರ ಕೆಲಸಕ್ಕೂ ನೆಚ್ಚಬೇಡಿ.

ಒಂದು ತಟ್ಟೆಯ ಪರೀಕ್ಷೆ

ಯಾವುದೇ 3ಡಿ ತಂತ್ರಾಂಶವನ್ನು ಅಳೆಯಲು ನಾನು ಬಳಸುವುದು ಒಂದು ಸಾದಾ ತಟ್ಟೆ: 100 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ನಾಲ್ಕು ಮೂಲೆಗಳಲ್ಲಿ 9 ಮಿ.ಮೀ. ವ್ಯಾಸದ ಆರಪಾರ ರಂಧ್ರಗಳು. ಬಿಡಿಸಿದ ಮೇಲೆ ತಂತ್ರಾಂಶದಲ್ಲಿ ಘನಗಾತ್ರ ಕೇಳಿ. 45,964 ಘನ ಮಿ.ಮೀ. ಆಸುಪಾಸು ಬರಬೇಕು. ಈಗ ಮೊದಲ ಹಂತಕ್ಕೆ ಹಿಂದಿರುಗಿ ದಪ್ಪವನ್ನು 10ಕ್ಕೆ ಏರಿಸಿ. ಘನಗಾತ್ರ 57,455 ಎಂದರೆ ಎಲ್ಲವೂ ಸರಿ. 57,964 ಎಂದು ಬಂದರೆ ರಂಧ್ರಗಳು ಎಂಟು ಮಿಲಿಮೀಟರಿಗೇ ನಿಂತು, ತಳದಲ್ಲಿ ಎರಡು ಮಿಲಿಮೀಟರ್ ಮುಚ್ಚಿಕೊಂಡಿವೆ ಎಂದರ್ಥ; ಆಳವನ್ನು ಅಂಕಿಯಲ್ಲಿ ಕೊಟ್ಟಿರೋ ‘ಪೂರ್ತಿ ಆರಪಾರ’ ಎಂದು ಕೊಟ್ಟಿರೋ ಎಂಬುದು ಅಲ್ಲಿ ಬಯಲಾಗುತ್ತದೆ. ತಪ್ಪು ನಿಮ್ಮದಾದರೂ ಆ ಆಯ್ಕೆಯನ್ನು ತಂತ್ರಾಂಶ ಎಷ್ಟು ಕಣ್ಣಿಗೆ ಕಾಣುವಂತೆ ಇಟ್ಟಿದೆ ಎಂಬುದನ್ನು ಗಮನಿಸಿ.

ಆಮೇಲೆ ಸ್ಟೆಪ್ ರೂಪದಲ್ಲಿ ಹೊರತೆಗೆದು ಇನ್ನೊಂದು ತಂತ್ರಾಂಶದಲ್ಲಿ ತೆರೆದು ಅದೇ ಘನಗಾತ್ರ ಬರುತ್ತದೆಯೇ ನೋಡಿ. ಮೇಲ್ನೋಟ, ಬದಿನೋಟಗಳಿರುವ ಡ್ರಾಯಿಂಗ್ ಹಾಳೆಯೊಂದನ್ನು ಮಾಡಿ ಪಿಡಿಎಫ್‌ಗೆ ಇಳಿಸಿ. ವಾಟರ್‌ಮಾರ್ಕ್, ಹಾಳೆಗಳ ಸಂಖ್ಯೆಯ ಮಿತಿ ಇತ್ಯಾದಿಗಳೆಲ್ಲ ಹೊರಬೀಳುವುದು ಇಲ್ಲೇ. ಕೊನೆಗೆ ಇಂಟರ್‌ನೆಟ್ ತಂತಿ ಕಿತ್ತು ತಂತ್ರಾಂಶವನ್ನು ಮತ್ತೆ ತೆರೆಯಿರಿ. ಇಷ್ಟಕ್ಕೆ ಒಂದು ಸಂಜೆ ಸಾಕು. ಹತ್ತು ವಿಮರ್ಶೆಗಳನ್ನು ಓದಿದರೂ ಸಿಗದ ಉತ್ತರ ಅಷ್ಟರಲ್ಲಿ ಸಿಕ್ಕಿರುತ್ತದೆ.

ವಿದ್ಯಾರ್ಥಿಗಳ ಮಾತು ಬೇರೆ. ಆಟೋಕ್ಯಾಡ್, ಫ್ಯೂಷನ್‌ಗಳನ್ನು ತಯಾರಿಸುವ ಆಟೋಡೆಸ್ಕ್‌ನ ಶಿಕ್ಷಣ ಪರವಾನಗಿ ವರ್ಷಕ್ಕೊಮ್ಮೆ ನವೀಕರಿಸಬಹುದಾದದ್ದು, ಸೌಲಭ್ಯಗಳಲ್ಲಿ ಕೊರತೆಯಿಲ್ಲ. ಓದುತ್ತಿರುವಷ್ಟು ದಿನ ಅದನ್ನು ಬಳಸಿಕೊಳ್ಳದಿರುವುದು ದಡ್ಡತನ. ಅದರಲ್ಲಿ ಸಂಪಾದನೆಯ ಕೆಲಸ ಮಾಡಬಾರದು ಎಂಬುದೊಂದನ್ನು ಗಟ್ಟಿಯಾಗಿ ಪಾಲಿಸಿ. ಹಿಂದಿನ ಆವೃತ್ತಿಗಳಲ್ಲಿ ವಿದ್ಯಾರ್ಥಿ ಪರವಾನಗಿಯಿಂದ ಉಳಿಸಿದ ಡ್ರಾಯಿಂಗ್ ಮುದ್ರಿಸಿದರೆ ಅಂಚಿನಲ್ಲಿ ಅದರ ಮುದ್ರೆ ಬೀಳುತ್ತಿತ್ತು, ಅದರಿಂದ ಒಂದು ಬ್ಲಾಕ್ (ಒಟ್ಟಾಗಿ ಕಟ್ಟಿಟ್ಟ ಚಿತ್ರದ ತುಂಡು) ಎತ್ತಿ ಕಚೇರಿಯ ಫೈಲಿಗೆ ಹಾಕಿದರೆ ಆ ಫೈಲಿಗೂ ಮುದ್ರೆ ಅಂಟಿಕೊಳ್ಳುತ್ತಿತ್ತು. ಹಳೆಯ ಫೈಲುಗಳನ್ನು ಮರುಬಳಕೆ ಮಾಡುವವರಿಗೆ ಈ ಸೋಂಕು ಈಗಲೂ ಎದುರಾಗಬಹುದು.

ಇಷ್ಟಾದ ಮೇಲೆ ನನ್ನ ಸಲಹೆ ಕೇಳುವವರಿಗೆ ನಾನು ಮೊದಲು ಕೇಳುವುದು, ಈ ಕೆಲಸದಿಂದ ದುಡಿಮೆ ಬರುತ್ತದೆಯೇ ಎಂದು. ಬರುತ್ತದೆಂದರೆ ಹವ್ಯಾಸಿ ಆವೃತ್ತಿಗಳೆಲ್ಲ ಅಲ್ಲಿಗೇ ಹೊರಗುಳಿಯುತ್ತವೆ. ಉಳಿಯುವುದು ಮುಕ್ತ ತಂತ್ರಾಂಶ, ಇಲ್ಲವೇ ಟ್ರಯಲ್‌ನಲ್ಲಿ ಪರೀಕ್ಷಿಸಿ ಕೊಳ್ಳುವ ತಂತ್ರಾಂಶ. ಬರುವುದಿಲ್ಲವೆಂದರೆ, ಬಿಡಿಸಿದ್ದನ್ನು ಲೋಕ ನೋಡಿದರೂ ಪರವಾಗಿಲ್ಲದವರಿಗೆ ಆನ್‌ಶೇಪ್, ಯಂತ್ರದಲ್ಲಿ ಕತ್ತರಿಸುವ ಹವ್ಯಾಸವಿರುವವರಿಗೆ ಫ್ಯೂಷನ್, ಇಂಟರ್‌ನೆಟ್ ನೆಚ್ಚಲಾಗದವರಿಗೆ ಮತ್ತು ತಾಳ್ಮೆಯಿರುವವರಿಗೆ ಫ್ರೀಕ್ಯಾಡ್. ಯಾವುದನ್ನೇ ಆರಿಸಿದರೂ, ಮುಗಿದ ಪ್ರತಿಯೊಂದು ಭಾಗಕ್ಕೂ ಮೂಲ ಫೈಲಿನ ಪಕ್ಕದಲ್ಲೇ ಒಂದು ಸ್ಟೆಪ್ ಪ್ರತಿ, ಒಂದು ಡಿಎಕ್ಸ್‌ಎಫ್, ಅಳತೆಗಳೆಲ್ಲ ಕಾಣುವ ಒಂದು ಪಿಡಿಎಫ್ ಇಡಿ; ಫೈಲಿನ ಹೆಸರಿನಲ್ಲಿ ದಿನಾಂಕವನ್ನೂ ತಂತ್ರಾಂಶದ ಆವೃತ್ತಿಯನ್ನೂ ಸೇರಿಸಿ. ಟ್ರಯಲ್ ಆದರೆ ಈ ಕೆಲಸವನ್ನು ಗಡುವಿನ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಅದಕ್ಕೆ ಮೂರು ದಿನ ಮುಂಚೆಯೇ ಮುಗಿಸಿ.